ಸೋರುವ ಚಾವಣಿಯ ಕೆಳಗೆ ಹೊಸ ಹಾಸಿಗೆ ಬೇಡ: ಹಳೆಯ ಕ್ಯಾಂಪರ್ ವ್ಯಾನುಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯವನ್ನು ಕೇಳಿವೆ. ಮಲಗಲು ಹಾಸಿಗೆ, ಅಡುಗೆಗೆ ಒಲೆ, ಸಾಮಾನಿಡಲು ಕಪಾಟು ಇರುವ ಪ್ರವಾಸದ ಗಾಡಿಯೊಂದು ವರ್ಷಗಟ್ಟಲೆ ಮೂಲೆಯಲ್ಲಿ ನಿಂತು ಹಾಳಾಗಿದ್ದರೆ ಅದನ್ನು ಮತ್ತೆ ರಸ್ತೆಗೆ ತರುವುದು ಹೇಗೆ ಎಂಬುದು ಎಲ್ಲರ ಪ್ರಶ್ನೆ. ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದ ಕಾಲದಲ್ಲಿ ಇಂಥದೇ ಒಂದು ಗಾಡಿಯನ್ನು ಮೂರು ವರ್ಷ ಹಿಡಿದು ದುರಸ್ತಿ ಮಾಡಿದ ಅನುಭವ ನನಗಿರುವುದರಿಂದ, ಈ ಬಾರಿಯ ಪುಟಗಳನ್ನು ಈ ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ತೀರ್ಥಹಳ್ಳಿಯ ಕಡೆಯವಳು, ಈಗ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ನೆಲೆಸಿದ್ದೇನೆ. ನಮ್ಮ ನೆರೆಮನೆಯ ಹಿರಿಯರೊಬ್ಬರು ತಮ್ಮ 1978ರ ಫೋಕ್ಸ್‌ವ್ಯಾಗನ್ ಕ್ಯಾಂಪರನ್ನು ಬಹಳ ಕಡಿಮೆ ಬೆಲೆಗೆ ನಮಗೆ ಕೊಟ್ಟರು. ಹತ್ತು ವರ್ಷ ಅದು ಅವರ ಹಿತ್ತಲಿನಲ್ಲಿ ಟಾರ್ಪಾಲಿನ ಅಡಿ ನಿಂತಿತ್ತು. ಬಾಗಿಲು ಸರಿಸಿದರೆ ಮಳೆಗಾಲದಲ್ಲಿ ನಮ್ಮೂರಿನ ಅಟ್ಟ ಹತ್ತಿದಾಗ ಬರುವಂಥ ವಾಸನೆ. ಹಾಸಿಗೆಯ ಮೇಲೆ ಬೂಷ್ಟು ಬಂದಿದೆ, ಮೇಲಕ್ಕೆತ್ತುವ ಚಾವಣಿಯ ಕ್ಯಾನ್ವಾಸು ಕಪ್ಪಾಗಿದೆ, ಒಲೆಯ ಮುಂದಿನ ನೆಲ ಕಾಲಿಟ್ಟರೆ ಮೆತ್ತಗೆ ಕುಸಿಯುತ್ತದೆ. ಬರುವ ಬೇಸಿಗೆಗೆ ಇದರಲ್ಲೇ ಹೋಗೋಣವೆಂದು ಮಕ್ಕಳು ಹಟ ಹಿಡಿದಿದ್ದಾರೆ. ಹಾಸಿಗೆಗೂ ಪರದೆಗೂ ಹೊಸ ಬಟ್ಟೆ ತಂದಿಟ್ಟಿದ್ದೇನೆ. ಎಲ್ಲಿಂದ ಪ್ರಾರಂಭಿಸಲಿ?

ಉತ್ತರ: ತಂದ ಬಟ್ಟೆಯನ್ನು ಮಡಚಿ ಮನೆಯ ಕಪಾಟಿನಲ್ಲಿಡಿ, ಅದರ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ. ಇದನ್ನು ಖಂಡಿತವಾಗಿ ಹೇಳಲು ನನಗೆ ಕಾರಣವಿದೆ. ನನ್ನ ಗಾಡಿ ಮನೆಗೆ ಬಂದ ಮೊದಲ ಬೇಸಿಗೆಯಲ್ಲಿ ನಾವು ಒಳಗನ್ನೆಲ್ಲ ಉಜ್ಜಿ ತೊಳೆದು, ಹೊಸ ಸ್ಪಂಜು ಹಾಕಿಸಿ, ಪರದೆ ಹೊಲಿಸಿ, ನೆಲಕ್ಕೆ ಹೊಸ ಹಾಸು ಅಂಟಿಸಿದೆವು. ಮುಂದಿನ ಮಾರ್ಚಿಯಲ್ಲಿ ಬಾಗಿಲು ತೆರೆದಾಗ ಹಳೆಯ ಬೂಷ್ಟು ಹೊಸ ಬಟ್ಟೆಯ ಮೇಲೆ ಕೂತಿತ್ತು. ಹಾಸನ್ನು ಕಿತ್ತು ನೋಡಿದರೆ, ಹಿಂದಿನ ವರ್ಷ ಗಟ್ಟಿಯಾಗಿದ್ದ ತಗಡೂ ಅದರ ಅಡಿಯಲ್ಲಿ ತುಕ್ಕು ಹಿಡಿದಿತ್ತು. ಆ ಒಂದು ವರ್ಷದ ಹಣವೂ ಶ್ರಮವೂ ಹೋದುದಲ್ಲದೆ, ಹಾಸು ಒದ್ದೆಯನ್ನು ಹಿಡಿದಿಟ್ಟುಕೊಂಡಿದ್ದರಿಂದ ಗಾಡಿಗೆ ನಾನೇ ಕೇಡು ಮಾಡಿದಂತಾಗಿತ್ತು.

ನೀವು ಮಲೆನಾಡಿನವರು, ಹೆಂಚಿನ ಮನೆಯಲ್ಲಿ ನೀರು ತೊಟ್ಟಿಕ್ಕುವ ಜಾಗಕ್ಕೂ ಹೆಂಚು ಒಡೆದ ಜಾಗಕ್ಕೂ ಸಂಬಂಧವಿರಬೇಕಿಲ್ಲವೆಂಬುದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ಒಡೆದದ್ದು ಮಾಡಿನ ತುದಿಯಲ್ಲಾದರೂ ನೀರು ಪಕಾಸಿ ಹಿಡಿದು ಹರಿದು ಬಂದು ದೇವರ ಮನೆಯಲ್ಲಿ ಬೀಳುತ್ತದೆ. ಕ್ಯಾಂಪರಿನ ಗೋಡೆಯೊಳಗೂ ನಡೆಯುವುದು ಅದೇ. ಹೊರಗಿನ ತಗಡಿಗೂ ಒಳಗಿನ ಪ್ಲೈವುಡ್ ಹಲಗೆಗೂ ನಡುವೆ ಚಳಿ ತಡೆಯಲೆಂದು ತುಂಬಿದ ಗಾಜಿನ ನಾರಿನ ಹತ್ತಿ ಇರುತ್ತದೆ. ಒಮ್ಮೆ ನೆನೆದರೆ ಅದು ವರ್ಷಗಟ್ಟಲೆ ಒಣಗದೆ, ತಗಡಿಗೆ ಒದ್ದೆ ಬಟ್ಟೆ ಸುತ್ತಿದ ಹಾಗೆ ಅಂಟಿಕೊಂಡಿರುತ್ತದೆ. ನನ್ನ ಗಾಡಿಯ ಸಿಂಕಿನ ಹಿಂದಿನ ಹಲಗೆಯನ್ನು ಬಿಚ್ಚಿದ ದಿನ, ಮೂರು ವಾರದಿಂದ ಮಳೆಯೇ ಇರದಿದ್ದರೂ, ಆ ಹತ್ತಿಯನ್ನು ಹಿಂಡಿದಾಗ ಕಂದು ಬಣ್ಣದ ನೀರು ಬೊಗಸೆ ತುಂಬ ಬಂದಿತು. ಆದುದರಿಂದ ಮೊದಲ ಕೆಲಸ ತೊಳೆಯುವುದಲ್ಲ, ಬಿಚ್ಚುವುದು.

ಬಿಚ್ಚುವ ಮುನ್ನ ಪ್ರತಿ ಮೂಲೆಯ ಫೋಟೋ ತೆಗೆಯಿರಿ. ಸ್ಕ್ರೂಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿ ಎಲ್ಲಿಯವೆಂದು ಚೀಟಿ ಬರೆದು ಅಂಟಿಸಿ. ಕೊಳೆತ ಪ್ಲೈವುಡ್ ಹಲಗೆಯೆಂದು ಯಾವುದನ್ನೂ ಎಸೆಯಬೇಡಿ. ಹೊಸ ಹಲಗೆ ಕೊಯ್ಯಲು ಅದೇ ಅಚ್ಚು. ಮುಂದಿನ ಆಸನದ ಹಿಂದಿನ ತಗಡಿನ ಗೋಡೆಯಲ್ಲಿ ಸಾಮಾನ್ಯವಾಗಿ ಬೆರಳುದ್ದದ ಲೋಹದ ಪಟ್ಟಿಯೊಂದಿರುತ್ತದೆ. ಗಾಡಿ ಕಾರ್ಖಾನೆಯಿಂದ ಹೊರಟ ಕಾಲ, ಮೂಲ ಬಣ್ಣ, ಹೋದ ದೇಶ ಇವೆಲ್ಲ ಅದರಲ್ಲಿ ಸಂಕೇತಗಳಾಗಿ ಕೆತ್ತಲ್ಪಟ್ಟಿರುತ್ತವೆ. ಅದನ್ನು ಮೊದಲೇ ಗುರುತಿಸಿ ಫೋಟೋ ತೆಗೆದು, ವೆಲ್ಡಿಂಗ್ ಮಾಡುವವರ ಕೈಗೆ ಸಿಕ್ಕಿ ಕಳೆದುಹೋಗದಂತೆ ನೋಡಿಕೊಳ್ಳಿ.

ಬೂಷ್ಟು ಒಣಗಿದ್ದಾಗ ಅದರ ಪುಡಿ ಗಾಳಿಯಲ್ಲಿ ಹಾರಿ ಶ್ವಾಸಕ್ಕೆ ಸೇರುವುದರಿಂದ, ಧೂಳು ತಡೆಯುವ ಒಳ್ಳೆಯ ಮಾಸ್ಕ್ ಹಾಕಿಯೇ ಒಳಗೆ ಹೋಗಿ; ಮಕ್ಕಳನ್ನು ಆ ಹಂತದಲ್ಲಿ ಸೇರಿಸಿಕೊಳ್ಳಬೇಡಿ. ಇನ್ನೊಂದು ಎಚ್ಚರ ಅದಕ್ಕಿಂತ ಮುಖ್ಯ. ಆ ಕಾಲದ ಕೆಲವು ಕ್ಯಾಂಪರುಗಳಲ್ಲಿ ಒಲೆಯ ಹಿಂದೆ ಬೆಂಕಿ ತಡೆಗೆಂದು ಆಸ್ಬೆಸ್ಟಾಸ್ ಹಾಳೆ ಇಡುತ್ತಿದ್ದರು. ಹಳೆಯ ಬ್ರೇಕ್ ಲೈನರುಗಳಲ್ಲೂ ಅದು ಇರುತ್ತಿತ್ತು. ಬ್ರಿಟನ್ನಿನಲ್ಲಿ ಅದರ ಬಳಕೆಗೆ ಪೂರ್ಣ ನಿಷೇಧ ಬಂದದ್ದು 1999ರಲ್ಲಿ. ಒಲೆಯ ಹಿಂದೆ ಬೂದು ಬಣ್ಣದ ಗಡಸು ಹಾಳೆ ಕಂಡರೆ ಅದನ್ನು ಕೊರೆಯುವುದಾಗಲಿ, ಉಜ್ಜುವುದಾಗಲಿ, ಮುರಿಯುವುದಾಗಲಿ ಮಾಡದೆ ಪರೀಕ್ಷೆ ಮಾಡಿಸಿ. ಬ್ರೇಕ್ ಡ್ರಮ್ಮಿನೊಳಗಿನ ಧೂಳನ್ನು ಬಾಯಿಂದ ಊದಿಯೋ ಗಾಳಿ ಹೊಡೆದೋ ಹಾರಿಸಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ.

ಒಳಗು ಖಾಲಿಯಾದ ಮೇಲೆ ಮಳೆಗಾಗಿ ಕಾಯಿರಿ. ನಿಮ್ಮ ಡೆವನ್ ಸೀಮೆಯಲ್ಲಿ ಬಹಳ ದಿನ ಕಾಯಬೇಕಾಗಿ ಬರದು. ಮಳೆ ಹಿಡಿದ ದಿನ ಒಂದು ಟಾರ್ಚು, ಒಂದು ಸೀಮೆಸುಣ್ಣದ ತುಂಡು ಹಿಡಿದು ಬರಿಯ ತಗಡಿನ ಗಾಡಿಯೊಳಗೆ ಒಂದು ಗಂಟೆ ಕೂರಿ. ನೀರಿನ ಗೆರೆ ಮೊದಲು ಎಲ್ಲಿ ಮೂಡುತ್ತದೋ ಅಲ್ಲಿಗೆ ಗುರುತು ಹಾಕಿ, ಅಲ್ಲಿಂದ ಮೇಲಕ್ಕೆ ಬೆರಳಾಡಿಸುತ್ತ ಹೋಗಿ. 1967ರಿಂದ 1979ರವರೆಗೆ ಜರ್ಮನಿಯ ಹಾನೋವರ್‌ನಲ್ಲಿ ತಯಾರಾದ ಈ ಮಾದರಿಯಲ್ಲಿ, ಒಂದೇ ಬಾಗಿದ ಗಾಜಿನ ಮುಂಭಾಗವಿರುವ ಕಾರಣ ಬೇ ವಿಂಡೋ ಎಂದು ಇಂಗ್ಲೆಂಡಿನವರು ಕರೆಯುವ ಮಾದರಿಯಲ್ಲಿ, ನೀರು ನುಗ್ಗುವ ದಾರಿಗಳು ಬಹುಮಟ್ಟಿಗೆ ಗೊತ್ತಿರುವಂಥವು: ಮುಂಗಾಜಿನ ರಬ್ಬರಿನ ಕೆಳ ಮೂಲೆಗಳು, ಚಾವಣಿಯ ಸುತ್ತ ಓಡುವ ಮಳೆಗಾಲುವೆಯ ಬಿರುಕು, ಪಕ್ಕದ ಕಿಟಕಿಗಳ ರಬ್ಬರು, ಮೇಲೇಳುವ ಚಾವಣಿಯನ್ನು ತಗಡಿಗೆ ಕೂಡಿಸಿದ ಅಂಚು. ಮುಂಗಾಜಿನ ಮೂಲೆಯಿಂದ ಇಳಿದ ನೀರು ಚಾಲಕನ ಪಾದದಡಿಯ ತಗಡಿಗೂ, ಪಕ್ಕದ ಕಿಟಕಿಯಿಂದ ಇಳಿದದ್ದು ನೇರವಾಗಿ ಗಾಡಿಯ ಅಂಚಿನ ಪೆಟ್ಟಿಗೆಗೂ ಹೋಗಿ ಸೇರುತ್ತದೆ. ರಬ್ಬರಿನ ಮೇಲೆ ಸಿಲಿಕೋನ್ ಬಳಿದು ಸೋರಿಕೆ ನಿಂತಿತೆಂದುಕೊಳ್ಳುವುದು ಸಾಮಾನ್ಯ ತಪ್ಪು. ಬಳಿದದ್ದರ ಹಿಂದೆ ನೀರು ಸಿಕ್ಕಿಕೊಂಡು ಚೌಕಟ್ಟೇ ಕೊಳೆಯುತ್ತದೆ. ಗಾಜನ್ನು ರಬ್ಬರಿನ ಸಮೇತ ಇಳಿಸಿ, ಚೌಕಟ್ಟಿನ ತುಕ್ಕು ತೆಗೆದು ಬಣ್ಣ ಹಚ್ಚಿ, ಹೊಸ ರಬ್ಬರು ಹಾಕುವುದೊಂದೇ ಸರಿಯಾದ ದಾರಿ. ಈ ರಬ್ಬರುಗಳು ಇಂದಿಗೂ ತಯಾರಾಗುತ್ತಿರುವುದು ನಿಮ್ಮ ಭಾಗ್ಯ.

ಇನ್ನು ತುಕ್ಕು. ಒಂದು ದಬ್ಬಣವನ್ನೋ ಚೂಪಾದ ಸ್ಕ್ರೂಡ್ರೈವರನ್ನೋ ಹಿಡಿದು ಗಾಡಿಯ ಅಡಿಗೆ ಹೋಗಿ, ಹೊಳೆಯುವ ಜಾಗವನ್ನು ಬಿಟ್ಟು ಉಬ್ಬಿದ ಜಾಗವನ್ನೆಲ್ಲ ಒತ್ತಿ ನೋಡಿ. ಗಟ್ಟಿ ತಗಡು ಟಣ್ ಎನ್ನುತ್ತದೆ. ಸತ್ತ ತಗಡು ಹಪ್ಪಳದ ಹಾಗೆ ಮುರಿದು ದಬ್ಬಣ ಒಳಗೆ ಹೋಗುತ್ತದೆ. ಜೊತೆಗೆ ಒಂದು ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಗಾಡಿಯ ಮೈಮೇಲೆ ಆಡಿಸಿ. ಅದು ಹಿಡಿಯದೆ ಜಾರಿದ ಕಡೆ ಹಿಂದೆ ಯಾರೋ ಪುಟ್ಟಿ ತುಂಬಿದ್ದಾರೆಂದು ತಿಳಿಯಿರಿ. ಎರಡು ಚಕ್ರಗಳ ನಡುವೆ ಗಾಡಿಯ ಉದ್ದಕ್ಕೂ ಇರುವ ಪೆಟ್ಟಿಗೆಯಂಥ ಅಂಚು ಇದರಲ್ಲಿ ಬಹಳ ಮುಖ್ಯ. ಸಿಲ್ ಎಂದು ಕರೆಯುವ ಈ ಅಂಚಿನಲ್ಲಿ ಹೊರಗಿನದು, ನಡುವಿನದು, ಒಳಗಿನದು ಎಂದು ಮೂರು ತಗಡುಗಳಿವೆ. ಈ ಗಾಡಿಗೆ ಲಾರಿಗಿರುವಂಥ ಪ್ರತ್ಯೇಕ ಚಾಸಿ ಇಲ್ಲ. ಅಡಿಯ ತೊಲೆಗಳು, ಅವುಗಳಿಂದ ಹೊರಚಾಚಿದ ತೋಳುಗಳು, ಈ ಅಂಚುಗಳು ಎಲ್ಲ ಕೂಡಿ ಭಾರ ಹೊರುತ್ತವೆ. ಹೊರಗಿನ ತಗಡೊಂದನ್ನೇ ಬದಲಿಸಿ ಬಣ್ಣ ಹೊಡೆದು ಮಾರುವವರು ಬಹಳ ಮಂದಿ. ಅಂಥ ಗಾಡಿ ನೋಡಲು ಚೆನ್ನ, ಅಪಘಾತದಲ್ಲಿ ಮಾತ್ರ ಮಡಚಿಕೊಳ್ಳುತ್ತದೆ.

ನೀವು ಕೆಲಸವನ್ನು ವೆಲ್ಡಿಂಗ್ ಬಲ್ಲವರಿಗೆ ಒಪ್ಪಿಸುವಾಗ ಮೂರು ಮಾತನ್ನು ಮೊದಲೇ ಒಪ್ಪಿಸಿಕೊಳ್ಳಿ. ತುಕ್ಕಿನ ಮೇಲೆ ತೇಪೆ ಹಾಕದೆ ಬೆಳ್ಳಗಿನ ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಬೇಕು. ಒಮ್ಮೆಗೆ ಒಂದೇ ಬದಿಯ ಅಂಚನ್ನು ಕತ್ತರಿಸಬೇಕು, ಅದೂ ಗಾಡಿಯ ಭಾರಕ್ಕೆ ಸರಿಯಾದ ಆಧಾರ ಕೊಟ್ಟ ಮೇಲೆ. ಇಲ್ಲವಾದರೆ ಮೈ ಸೊಟ್ಟಗಾಗಿ ಜಾರುಬಾಗಿಲು ಮತ್ತೆಂದೂ ಕೂರುವುದಿಲ್ಲ. ಬ್ಯಾಟರಿ ಮತ್ತು ಪೆಟ್ರೋಲ್ ಟ್ಯಾಂಕು ಹೊರಗೆ ಬರುವವರೆಗೆ ಕಿಡಿ ಹಾರಿಸಬಾರದು. ನಿಮ್ಮ ಮಾದರಿಯಲ್ಲಿ ಇಂಜಿನ್ ಇಳಿಸದೆ ಟ್ಯಾಂಕು ಹೊರಬರುವುದಿಲ್ಲವಾದ್ದರಿಂದ, ಇಂಜಿನ್ ಕೆಲಸ ಹೇಗೂ ಇದೇ ಹೊತ್ತಿಗೆ ಆಗುತ್ತದೆ. ವೆಲ್ಡಿಂಗ್ ಮುಗಿದ ಮೇಲೆ ಬೆಸುಗೆಯ ಗೆರೆಗಳನ್ನು ಸೀಲರಿನಿಂದ ಮುಚ್ಚಿ, ಪೆಟ್ಟಿಗೆಯಂಥ ಟೊಳ್ಳುಗಳ ಒಳಗೆಲ್ಲ ಉದ್ದ ನಳಿಕೆಯ ಮೂಲಕ ತುಕ್ಕು ತಡೆಯುವ ಮೇಣ ಸಿಂಪಡಿಸಬೇಕು; ಕೆಳಗಿನ ನೀರು ಬಸಿಯುವ ರಂಧ್ರಗಳು ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು. ಖರ್ಚಿನ ದೊಡ್ಡ ಪಾಲು ಈ ಅಡಿಯ ಕೆಲಸಕ್ಕೇ ಹೋಗುತ್ತದೆ. ಹೊರಗಿನಿಂದ ನೋಡುವವರಿಗೆ ಅದರಲ್ಲಿ ಒಂದೂ ಕಾಣದು, ಆದರೂ ಇಲ್ಲಿ ಕೈ ಬಿಗಿ ಹಿಡಿಯಬೇಡಿ.

ಕ್ಯಾನ್ವಾಸಿನ ಕಪ್ಪು ಕಲೆಗೆ ಬ್ಲೀಚ್ ಹಾಕುವ ಆಸೆಯಾಗುತ್ತದೆ. ಹಾಕಿದರೆ ಹೊಲಿಗೆಯ ನೂಲು ಸಾಯುತ್ತದೆ. ನೀರು ಬೆರೆಸಿದ ಬಿಳಿ ವಿನೆಗರಿನಲ್ಲಿ ಮೆತ್ತನೆಯ ಬ್ರಷ್ ಅದ್ದಿ ಉಜ್ಜಿ, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಆಮೇಲೆ ನೀರು ತಡೆಯುವ ದ್ರಾವಣ ಹಚ್ಚಿ. ಬಟ್ಟೆ ಬೆರಳಿಗೆ ಹರಿಯುವಂತಿದ್ದರೆ ಹೊಸದನ್ನೇ ತರಿಸಿ. ಹಾಸಿಗೆಯ ಹಳೆಯ ಸ್ಪಂಜನ್ನು ಉಳಿಸುವ ಪ್ರಯತ್ನ ಬೇಡ. ಬೆಂಕಿಗೆ ಬೇಗ ಹತ್ತಿಕೊಳ್ಳದ ಗುಣಮಟ್ಟದ ಹೊಸ ಸ್ಪಂಜನ್ನೇ ಕೇಳಿ ತನ್ನಿ.

ಒಲೆ ಹಚ್ಚುವ ಮುನ್ನ ಗ್ಯಾಸಿನ ಪೈಪು, ರೆಗ್ಯುಲೇಟರು ಎರಡನ್ನೂ ಬದಲಿಸಿ, ಪರಿಣತರಿಂದ ಪರೀಕ್ಷೆ ಮಾಡಿಸಿ. ಈ ಗ್ಯಾಸು ಗಾಳಿಗಿಂತ ಭಾರವಾದುದರಿಂದ ಸೋರಿದ್ದು ನೆಲದ ಮಟ್ಟದಲ್ಲಿ ಕೊಳದ ಹಾಗೆ ನಿಲ್ಲುತ್ತದೆ. ಅದು ಹೊರಹೋಗಲೆಂದೇ ಸಿಲಿಂಡರಿನ ಕಪಾಟಿನ ತಳದಲ್ಲಿ ರಂಧ್ರವಿರುತ್ತದೆ. ಚಳಿ ಬರುತ್ತದೆಂದು ಹಿಂದಿನವರು ಅದನ್ನು ಬಟ್ಟೆ ತುರುಕಿ ಮುಚ್ಚಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆಯ ಗಂಟೆಯೊಂದನ್ನು ಮಲಗುವ ಜಾಗದ ಬಳಿ ಹಾಕಿ, ಮಕ್ಕಳಿಗೆ ಅದರ ಸದ್ದನ್ನು ಒಮ್ಮೆ ಕೇಳಿಸಿಡಿ.

ಮಕ್ಕಳ ಬೇಸಿಗೆಯ ಬಗ್ಗೆ: ಬರುವ ಬೇಸಿಗೆಗೆ ಇದು ಆಗುವ ಕೆಲಸವಲ್ಲ, ಅದರ ಮುಂದಿನ ಬೇಸಿಗೆಗೆ ಆದೀತು. ಈಗಲೇ ಹಾಗೆಂದು ಅವರಿಗೆ ಹೇಳಿಬಿಡಿ. ಸ್ಕ್ರೂ ಡಬ್ಬಿಗಳ ಚೀಟಿ ಬರೆಯುವುದನ್ನು, ಮಳೆಯ ದಿನ ಸೀಮೆಸುಣ್ಣದ ಗುರುತು ಹಾಕುವುದನ್ನು ಅವರಿಗೇ ಒಪ್ಪಿಸಿ.

ಪ್ರಶ್ನೆ: ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನನ್ನ ಬಳಿಯೂ ಅದೇ ಕಾಲದ ಫೋಕ್ಸ್‌ವ್ಯಾಗನ್ ಗಾಡಿಯಿದೆ, 1600 ಸಿಸಿ ಇಂಜಿನ್. ಹನ್ನೆರಡು ವರ್ಷದಿಂದ ಓಡಿಲ್ಲ. ಹೊಸ ಬ್ಯಾಟರಿ ಹಾಕಿ, ಹೊಸ ಪೆಟ್ರೋಲ್ ಸುರಿದು ಸ್ಟಾರ್ಟ್ ಮಾಡಿ ನೋಡಬಹುದೆ? ನಲವತ್ತು ವರ್ಷ ದಾಟಿದ ಗಾಡಿಗೆ ವಾರ್ಷಿಕ ತಪಾಸಣೆಯೇ ಬೇಡವೆಂದು ಸ್ನೇಹಿತರು ಹೇಳುತ್ತಾರೆ, ನಿಜವೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಈ ಗಾಡಿಗಳು ಸುಟ್ಟುಹೋಗುವುದು ಬಹುಪಾಲು ಪೆಟ್ರೋಲ್ ಪೈಪಿನಿಂದ. ಟ್ಯಾಂಕು ಇಂಜಿನ್ನಿನ ಪಕ್ಕದಲ್ಲೇ, ಒಂದು ತಗಡಿನ ಗೋಡೆಯ ಆಚೆಗಿದೆ. ಅಲ್ಲಿಂದ ರಬ್ಬರಿನ ಪೈಪು ಗೋಡೆ ತೂರಿ ಇಂಜಿನ್ ಕೋಣೆಗೆ ಬರುತ್ತದೆ. ಹನ್ನೆರಡು ವರ್ಷದ ಪೈಪನ್ನು ಬಾಗಿಸಿ ನೋಡಿದರೆ ಬೇಸಿಗೆಯ ಕೆರೆಯ ತಳದಂತೆ ಬಿರುಕು ಬಿಟ್ಟಿರುತ್ತದೆ. ಪೆಟ್ರೋಲ್ ತೊಟ್ಟಿಕ್ಕುವುದು ಬಿಸಿ ಇಂಜಿನ್ನಿನ ಮೇಲೆ, ಕಿಡಿ ಹುಟ್ಟುವ ಡಿಸ್ಟ್ರಿಬ್ಯೂಟರಿನ ಹತ್ತಿರ. ಇಂಜಿನ್ನಿನ ಹೊರಕವಚ ಮೆಗ್ನೀಸಿಯಮ್ ಮಿಶ್ರಲೋಹದ್ದು. ಅದಕ್ಕೆ ಬೆಂಕಿ ಹತ್ತಿದರೆ ಆರಿಸುವುದು ಬಹಳ ಕಷ್ಟ. ಬ್ರಿಟನ್ನಿನ ಸಾಧಾರಣ ಪೆಟ್ರೋಲಿನಲ್ಲಿ 2021ರ ಸೆಪ್ಟೆಂಬರಿನಿಂದ ಶೇಕಡ 10ರವರೆಗೆ ಎಥನಾಲ್ ಇರುತ್ತದೆ, ಅದು ಹಳೆಯ ರಬ್ಬರನ್ನು ಇನ್ನೂ ಬೇಗ ತಿನ್ನುತ್ತದೆ. ಭಾರತದಲ್ಲಿ ಹಳೆಯ ಪೆಟ್ರೋಲ್ ವ್ಯಾನು ಇಟ್ಟುಕೊಂಡಿರುವವರಿಗೆ, ಅಲ್ಲಿ ಈಗ ಶೇಕಡ 20ರ ಮಿಶ್ರಣ ಬಂದಿರುವುದರಿಂದ, ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಎಥನಾಲ್ ತಡೆಯುವ ಗುಣಮಟ್ಟದ ಪೈಪನ್ನು ಟ್ಯಾಂಕಿನಿಂದ ಕಾರ್ಬ್ಯುರೇಟರಿನವರೆಗೆ ಪೂರ್ತಿಯಾಗಿ ಹೊಸದಾಗಿ ಹಾಕಿಸಿ, ಪ್ರತಿ ತುದಿಗೂ ಕ್ಲಿಪ್ ಬಿಗಿಸಿ. ಪೆಟ್ರೋಲ್ ಫಿಲ್ಟರನ್ನು ಇಂಜಿನ್ ಕೋಣೆಯಿಂದ ಹೊರಗಿಡಿ. ಕಾರ್ಬ್ಯುರೇಟರಿಗೆ ಪೆಟ್ರೋಲ್ ಸೇರುವ ಹಿತ್ತಾಳೆಯ ಸಣ್ಣ ಕೊಳವೆ ಸಡಿಲವಾಗಿದೆಯೇ ಎಂದು ಅಲುಗಾಡಿಸಿ ನೋಡಿ. ಹಳೆಯ ಪೆಟ್ರೋಲನ್ನು ಬಸಿದು ತೆಗೆಯಿರಿ.

ಇಂಜಿನ್ನಿಗೆ ಬರೋಣ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ನಾಲ್ಕೂ ಸಿಲಿಂಡರಿಗೆ ಒಂದೊಂದು ಚಮಚ ಎಣ್ಣೆ ಬಿಟ್ಟು, ಎರಡು ದಿನ ಬಿಟ್ಟು ಸ್ಪ್ಯಾನರಿನಿಂದ ಕೈಯಲ್ಲೇ ತಿರುಗಿಸಿ. ಸಲೀಸಾಗಿ ತಿರುಗಿದರೆ ಹಳೆಯ ಆಯಿಲ್ ಇಳಿಸಿ. ಈ ಇಂಜಿನ್ನಿಗೆ ಕಾಗದದ ಆಯಿಲ್ ಫಿಲ್ಟರ್ ಇಲ್ಲ, ತಳದಲ್ಲಿ ಲೋಹದ ಜಾಲರಿಯೊಂದಿದೆ. ಅದನ್ನು ತೊಳೆದು ಹಾಕಿ 2.5 ಲೀಟರ್ ಹೊಸ ಆಯಿಲ್ ತುಂಬಿ. ವಾಲ್ವುಗಳ ಸಂದು ಇಂಜಿನ್ ಪೂರ್ತಿ ತಣ್ಣಗಿದ್ದಾಗ 0.15 ಮಿಲಿಮೀಟರ್ ಇರಬೇಕು. ಎಲ್ಲಕ್ಕೂ ಮೊದಲು ಫ್ಯಾನಿನ ಸುತ್ತಲಿನ ತಗಡಿನ ಹೊದಿಕೆಯೊಳಗೆ ಟಾರ್ಚ್ ಬಿಟ್ಟು ನೋಡಿ. ಈ ಇಂಜಿನ್ನಿಗೆ ರೇಡಿಯೇಟರ್ ಇಲ್ಲ, ನೀರಿಲ್ಲ, ಗಾಳಿಯೇ ಪ್ರಾಣ. ನಿಂತ ಗಾಡಿಯ ಆ ಬೆಚ್ಚಗಿನ ಪೊಟರೆಯಲ್ಲಿ ಇಲಿಗಳು ಗೂಡು ಕಟ್ಟುತ್ತವೆ. ನನಗೆ ಸಿಕ್ಕ ಗೂಡಿನಲ್ಲಿ ಒಣಹುಲ್ಲು, ಹಾಸಿಗೆಯ ಸ್ಪಂಜಿನ ಚೂರು, ಹಳೆಯ ರಸ್ತೆ ನಕಾಶೆಯ ಕಾಗದ ಎಲ್ಲ ಸೇರಿ ಎರಡು ಮುಷ್ಟಿಯಷ್ಟು ಗಟ್ಟಿ ಉಂಡೆಯಾಗಿತ್ತು. ಅದನ್ನು ತೆಗೆಯದೆ ಓಡಿಸಿದ್ದರೆ ಆ ಬದಿಯ ಸಿಲಿಂಡರುಗಳಿಗೆ ಗಾಳಿ ತಪ್ಪಿ ಕೆಲವೇ ಮೈಲಿಯಲ್ಲಿ ಇಂಜಿನ್ ಸುಟ್ಟುಹೋಗುತ್ತಿತ್ತು. ಇಂಜಿನ್ನಿನ ಸುತ್ತಲಿನ ತಗಡು ಮತ್ತು ರಬ್ಬರ್ ಅಂಚುಗಳನ್ನು ಅನವಶ್ಯಕವೆಂದು ಬಿಚ್ಚಿಡುವವರಿದ್ದಾರೆ. ಅವು ಬಿಸಿಗಾಳಿ ಮರಳಿ ಒಳಸೇರದಂತೆ ತಡೆಯುವ ಗೋಡೆಗಳು, ಒಂದೂ ಕಡಿಮೆಯಾಗಬಾರದು.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನಿಮ್ಮದರಲ್ಲಿ ಹನ್ನೆರಡು ವರ್ಷದ ತೇವವಿದೆ. ಪೈಪುಗಳು, ಚಕ್ರದ ಸಿಲಿಂಡರುಗಳು, ಆಯಿಲ್ ಎಲ್ಲ ಹೊಸದಾಗಲಿ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: 2309 ಎಂದಿದ್ದರೆ 2009ರ 23ನೇ ವಾರದಲ್ಲಿ ತಯಾರಾದದ್ದು. ಮೇಲ್ಮೈಯ ಗೀರುಗಳು ಎಷ್ಟೇ ಚೆನ್ನಾಗಿದ್ದರೂ ಹತ್ತು ವರ್ಷ ದಾಟಿದ ಟಯರನ್ನು ನಂಬಬೇಡಿ. ಹೊಸದನ್ನು ಕೊಳ್ಳುವಾಗ ಕಾರಿನದನ್ನು ಕೊಳ್ಳದೆ, ಈ ಗಾಡಿಯ ಭಾರಕ್ಕೆ ತಕ್ಕ ವ್ಯಾನಿನ ಟಯರನ್ನೇ ಕೇಳಿ.

ನಿಮ್ಮ ಸ್ನೇಹಿತರು ಹೇಳಿದ್ದು ನಿಜ. 2018ರ ಮೇ ತಿಂಗಳಿನಿಂದ, ನಲವತ್ತು ವರ್ಷ ದಾಟಿದ, ಮೂಲ ಸ್ವರೂಪ ಗಣನೀಯವಾಗಿ ಬದಲಾಗದ ಗಾಡಿಗಳಿಗೆ ಬ್ರಿಟನ್ನಿನಲ್ಲಿ ಎಂಒಟಿ ಎಂಬ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ಅರ್ಜಿ ಹಾಕಿದರೆ ರಸ್ತೆ ತೆರಿಗೆಯೂ ಇಲ್ಲ. ಆದರೆ ಗಾಡಿ ರಸ್ತೆಗೆ ಯೋಗ್ಯವಾಗಿರಬೇಕೆಂಬ ಹೊಣೆ ಚಾಲಕನಿಂದ ಕದಲಿಲ್ಲ. ದುರಸ್ತಿ ಮುಗಿದ ವರ್ಷವಾದರೂ ಸ್ವಇಚ್ಛೆಯಿಂದ ತಪಾಸಣೆ ಮಾಡಿಸಿ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿಯ ಅಡಿಯನ್ನು ಇನ್ನೊಬ್ಬರ ಪರಿಣತ ಕಣ್ಣು ನೋಡುವುದು ಒಳ್ಳೆಯದು.

ಪ್ರಶ್ನೆ: ಮ್ಯೂನಿಕ್‌ನಲ್ಲಿ ನಾವು ಕೊಂಡ ಕ್ಯಾಂಪರಿನ ಬಣ್ಣ ಮಾಸಿ, ಅಲ್ಲಲ್ಲಿ ತಳದ ಬಣ್ಣ ಕಾಣುತ್ತಿದೆ. ವೆಸ್ಟ್‌ಫಾಲಿಯಾ ಸಂಸ್ಥೆಯ ಒಳಗಿನ ಕಪಾಟುಗಳು ಗಟ್ಟಿಯಾಗಿವೆ, ಆದರೆ ಹಳೆಯ ಕಾಲದವಂತೆ ಕಾಣುತ್ತವೆ. ಹೊರಗೆ ಎರಡು ಹೊಸ ಬಣ್ಣ, ಒಳಗೆ ಬಿಳಿಯ ಹೊಸ ಕಪಾಟು ಮಾಡಿಸೋಣವೆಂದು ಪತಿ ಹೇಳುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ.

ಉತ್ತರ: ನಿಮ್ಮ ಮನಸ್ಸು ಹೇಳುತ್ತಿರುವುದೇ ಸರಿಯೆಂದು ನನ್ನ ಅಭಿಪ್ರಾಯ. ವೀಡನ್‌ಬ್ರೂಕ್ ಊರಿನ ವೆಸ್ಟ್‌ಫಾಲಿಯಾದವರು 1951ರಿಂದಲೇ ಈ ಫೋಕ್ಸ್‌ವ್ಯಾಗನ್ ವ್ಯಾನುಗಳಿಗೆ ಕಪಾಟು, ಹಾಸಿಗೆ ಮಾಡಿಕೊಡಲು ಪ್ರಾರಂಭಿಸಿದವರು. ಬಡಗಿಯೊಬ್ಬನು ನಾಳೆಯೇ ಬಿಳಿ ಕಪಾಟು ಮಾಡಿಕೊಡಬಲ್ಲ. ಕಾರ್ಖಾನೆಯ ಆ ಕಪಾಟನ್ನು, ಅದರ ಕೊಂಡಿ ಹಿಡಿಕೆಗಳ ಸಮೇತ, ಇನ್ನಾರೂ ಮಾಡಿಕೊಡಲಾರರು. ಎದ್ದ ಲ್ಯಾಮಿನೇಟನ್ನು ಅಂಟು ಹಾಕಿ ಒತ್ತಿ ಕೂರಿಸಿ, ಒದ್ದೆಯಾಗಿ ಊದಿದ ತಳದ ಪಟ್ಟಿಯನ್ನು ಮಾತ್ರ ಬದಲಿಸಿ. ಹೊರಬಣ್ಣವನ್ನು ಮೊದಲು ಸೌಮ್ಯವಾದ ಸೋಪಿನಲ್ಲಿ ತೊಳೆದು, ಒಂದು ಅಂಗೈ ಅಗಲ ಪಾಲಿಶ್ ಮಾಡಿ ನೋಡಿ. ಮಾಸಿದ ಪೊರೆಯ ಅಡಿಯಲ್ಲಿ ಮೂಲ ಬಣ್ಣ ಜೀವಂತವಾಗಿರುವುದು ಎಷ್ಟೋ ಸಲ ಕಂಡುಬರುತ್ತದೆ. ತಳದ ಬಣ್ಣ ಕಾಣುವ ಜಾಗಕ್ಕೆ ಮೇಣ ಹಚ್ಚಿ ತುಕ್ಕು ಬಾರದಂತೆ ಕಾಪಾಡಿದರೆ ಸಾಕು. ತಗಡಿನ ತುಕ್ಕಿನ ಕೆಲಸ ಬಾಕಿಯಿರುವ ಗಾಡಿಗೆ ಪೂರ್ತಿ ಬಣ್ಣ ಹೊಡೆಸುವುದಂತೂ ಹಣವನ್ನು ನೀರಿಗೆ ಹಾಕಿದಂತೆ. ಪತಿಯವರಿಗೆ ಇಷ್ಟನ್ನು ತಿಳಿಸಿ: ಬಣ್ಣ ಹೊಡೆಸಲು ಇನ್ನು ಹತ್ತು ವರ್ಷದ ಮೇಲೂ ಅವಕಾಶವಿದೆ, ಒಮ್ಮೆ ಕೆರೆದು ತೆಗೆದ ಮೂಲ ಬಣ್ಣ ಮತ್ತೆ ಬರುವುದಿಲ್ಲ.

ಪ್ರಶ್ನೆ: ನಮ್ಮ ತಂದೆಯವರು ಬಿಳಿ ಫಲಕದಲ್ಲಿ ನೋಂದಾಯಿಸಿ ಓಡಿಸುತ್ತಿದ್ದ ಡೀಸೆಲ್ ಮೆಟಡಾರ್ ಒಂದು ಶಿವಮೊಗ್ಗದ ನಮ್ಮ ತೋಟದಲ್ಲಿ ನಿಂತಿದೆ. ಅದನ್ನು ಸರಿಪಡಿಸಿ, ಸೀಟು ತೆಗೆದು, ಎರಡು ಹಾಸಿಗೆ ಮತ್ತು ಸಣ್ಣ ಅಡುಗೆಕಟ್ಟೆ ಹಾಕಿ ಕುಟುಂಬದ ಪ್ರವಾಸಕ್ಕೆ ಬಳಸುವ ಆಸೆ. ಕಾನೂನು ಒಪ್ಪುತ್ತದೆಯೇ? ನಮ್ಮ ಮಳೆಗೆ ತಡೆಯುತ್ತದೆಯೇ?

ಉತ್ತರ: ಮೊದಲು ಒಂದು ಸಂಗತಿ, ನಿಮ್ಮ ಗಾಡಿಗೂ ಮೇಲಿನವರ ಗಾಡಿಗೂ ಇರುವ ಹಳೆಯ ನಂಟಿನದು. ಮೆಟಡಾರ್ ಎಂದು ನಾವು ಮದುವೆ ದಿಬ್ಬಣದಿಂದ ಹಾಲಿನ ಕ್ಯಾನಿನವರೆಗೆ ಎಲ್ಲಕ್ಕೂ ಬಳಸಿದ ಆ ಹೆಸರು ಜರ್ಮನಿಯ ಟೆಂಪೊ ಸಂಸ್ಥೆಯ ಮಾಟಡೋರ್ ಗಾಡಿಯದು. 1949ರಲ್ಲಿ ಅದು ಮೊದಲು ಬಂದಾಗ ಅದರಲ್ಲಿದ್ದದ್ದು ಫೋಕ್ಸ್‌ವ್ಯಾಗನ್ನಿನದೇ ಇಂಜಿನ್.

ಕಾನೂನಿನ ವಿಷಯದಲ್ಲಿ, ಮೋಟಾರು ವಾಹನಗಳ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ಬದಲಾಗುವಂಥ ಮಾರ್ಪಾಡನ್ನು ಆರ್‌ಟಿಒ ಅನುಮತಿಯಿಲ್ಲದೆ ಮಾಡುವಂತಿಲ್ಲ. ಸೀಟು ತೆಗೆದು ಹಾಸಿಗೆ ಕೂರಿಸಿದರೆ ಆಸನಗಳ ಸಂಖ್ಯೆ ಬದಲಾಗುತ್ತದೆ. ಆದ್ದರಿಂದ ಬಡಗಿಯನ್ನು ಕರೆಸುವ ಮುನ್ನ ನಕ್ಷೆಯೊಂದಿಗೆ ಆರ್‌ಟಿಒ ಕಚೇರಿಗೆ ಹೋಗಿ ಲಿಖಿತವಾಗಿ ಅನುಮತಿ ಪಡೆಯಿರಿ, ವಿಮೆಯವರಿಗೂ ತಿಳಿಸಿ. ಹದಿನೈದು ವರ್ಷ ಮುಗಿದ ಖಾಸಗಿ ವಾಹನದ ನೋಂದಣಿಯನ್ನು ಯೋಗ್ಯತಾ ತಪಾಸಣೆಗೆ ಒಪ್ಪಿಸಿ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ತಂದೆಯವರ ಹೆಸರಿನಲ್ಲೇ ಇದ್ದರೆ ಹೆಸರು ವರ್ಗಾವಣೆಯೂ ಬಾಕಿಯಿರುತ್ತದೆ. ಈ ಕಾಗದಪತ್ರ ಸರಿಹೋಗುವುದೆಂದು ಖಚಿತವಾಗುವವರೆಗೆ ಗಾಡಿಗೆ ದೊಡ್ಡ ಖರ್ಚು ಮಾಡಬೇಡಿ.

ಮಳೆಯ ವಿಷಯದಲ್ಲಿ ಎಕ್ಸೆಟರಿನ ಓದುಗರಿಗೆ ಹೇಳಿದ್ದೆಲ್ಲ ನಿಮಗೂ ಅನ್ವಯಿಸುತ್ತದೆ. ದಬ್ಬಣ, ಸೀಮೆಸುಣ್ಣ ಎರಡನ್ನೂ ಮರೆಯಬೇಡಿ. ನೆಲಕ್ಕೆ ನೀರು ತಡೆಯುವ ಮರೈನ್ ಪ್ಲೈವುಡ್ ಹಾಕಿಸಿ, ಅದರ ಕೊಯ್ದ ಅಂಚುಗಳಿಗೆಲ್ಲ ಬಣ್ಣ ಬಳಿಸಿ, ಹಾಸನ್ನು ತಗಡಿಗೆ ಅಂಟಿಸದೆ ಎತ್ತಿ ಒಣಗಿಸುವಂತಿಡಿ. ಚಾವಣಿಗೆ ಸಾಮಾನು ಕಟ್ಟುವ ಕ್ಯಾರಿಯರ್ ಇದ್ದರೆ ಅದರ ಬೋಲ್ಟಿನ ರಂಧ್ರಗಳೇ ಮೊದಲ ಅನುಮಾನ. ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಡಿಗೆ ಟಾರ್ಪಾಲು ಬಿಗಿದು ಕಟ್ಟಬೇಡಿ. ಒಳಗಿನ ತೇವ ಹೊರಹೋಗದೆ, ಹೊರಗೆ ಒಣಗಿದ್ದರೂ ಒಳಗೆ ಕೊಳೆಯುತ್ತದೆ, ಎಕ್ಸೆಟರಿನ ಗಾಡಿಗೆ ಆದದ್ದೂ ಅದೇ. ಅಡಿಕೆ ಒಣಗಿಸುವ ಕಣದ ಪಕ್ಕದಲ್ಲೋ ಕೊಟ್ಟಿಗೆಯ ಮಗ್ಗುಲಲ್ಲೋ ನಾಲ್ಕು ಕಂಬ ನೆಟ್ಟು ಶೀಟು ಹೊದಿಸಿದರೆ ಸಾಕು, ಸುತ್ತಲೂ ಗಾಳಿಯಾಡಲಿ. ತೋಟದ ಮಣ್ಣಿನ ಮೇಲೆ ನಿಲ್ಲಿಸಿದರೆ ಅಡಿಯಿಂದಲೂ ತೇವ ಏರುವುದರಿಂದ, ಚಕ್ರಗಳಡಿಗೆ ಕಲ್ಲು ಹಾಸಿ, ಕಿಟಕಿಗಳನ್ನು ಬೆರಳಗಲ ಇಳಿಸಿ, ಚಾವಣಿಯ ಮೇಲೆ ನೀರು ನಿಲ್ಲದಂತೆ ಗಾಡಿಯ ಮೂತಿ ತುಸು ತಗ್ಗಿರುವ ಹಾಗೆ ನಿಲ್ಲಿಸಿ.